ಬಟನ್ನಿನ ಹಿಂದೆ ಇಟ್ಟ ಮಾತು

ಕಣ್ಣು ಕಾಣದ ಹುಡುಗ ಹುಡುಗಿಯರು ಈಗ ಪ್ರೋಗ್ರಾಮ್ ಬರೆಯುವ ಕೆಲಸಕ್ಕೆ ಸೇರುತ್ತಿದ್ದಾರೆ ಎಂದು ಕೇಳಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ, ಜೊತೆಗೆ ದಿಗಿಲೂ ಆಗುತ್ತದೆ. ತರಬೇತಿ ಕೊಡುವವರು ಅವರಿಗೆ ಯಾವ ಕೀ ಒತ್ತಿದರೆ ಏನಾಗುತ್ತದೆ, ತಪ್ಪು ಎಲ್ಲಿದೆ ಎಂದು ಹುಡುಕುವುದು ಹೇಗೆ, ಎಲ್ಲವನ್ನೂ ಹೇಳಿಕೊಟ್ಟಿರುತ್ತಾರೆ. ಆಫೀಸಿನಲ್ಲಿ ಊಟದ ಹೊತ್ತು ಹೇಗಿರುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಿರುವುದಿಲ್ಲ. ಅದನ್ನು ನಾನು ಹೇಳುತ್ತೇನೆ. ಬಡ್ತಿ, ಸನ್ಮಾನ ಇತ್ಯಾದಿ ನನ್ನ ಬಳಿ ಕೇಳಬೇಡಿ. ಬಂದಿದ್ದರೆ ತಾನೆ ಬರೆಯುವುದಕ್ಕೆ.

ನಾನು ಸಾವಿತ್ರಮ್ಮ, ಹನಕೆರೆಯವಳು. ಚಿಕ್ಕವಳಿದ್ದಾಗ ಜ್ವರ ಬಂದು ಕಣ್ಣು ಹೋಯಿತು. ಅಂಧರ ಶಾಲೆಯಲ್ಲಿ ಓದಿ, ಮಂಡ್ಯದ ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ಎಲ್ಲರ ಮೇಜಿಗೂ ನೇರ ಫೋನ್ ಬಂದಮೇಲೆ ಆ ಕೆಲಸ ಹೋಯಿತು. ಆಗ ನಾನು ಕಂಪ್ಯೂಟರ್ ಕಲಿತೆ. ಮಂಡ್ಯದಲ್ಲೇ ಒಂದು ಅಂಗಡಿಯ ಮೇಲಿನ ಮಹಡಿಯಲ್ಲಿ ಸಣ್ಣ ಕಂಪನಿಯಿತ್ತು. ನರ್ಸಿಂಗ್ ಹೋಮು, ಗೊಬ್ಬರದ ಅಂಗಡಿ, ಶಾಲೆ, ಇಂಥವರಿಗೆ ಬೇಕಾದ ಪ್ರೋಗ್ರಾಮುಗಳನ್ನು ಬರೆದು, ಅವರ ಕಂಪ್ಯೂಟರಿಗೆ ಹಾಕಿಕೊಡುವುದು ಅವರ ವ್ಯಾಪಾರ. ಅದರ ಯಜಮಾನರು ಲೋಕೇಶಪ್ಪ. ಕೆಲಸ ಕೇಳಿಕೊಂಡು ಹೋದ ದಿನ ಅವರು ನನ್ನನ್ನು ಕೂರಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಾ ಕಣಮ್ಮ, ನಾವು ಮಾಡೋದೇ ಜನ ಕಣ್ಣಲ್ಲಿ ನೋಡೋ ಸ್ಕ್ರೀನು. ನೀನು ಎಂಗಮ್ಮ ಮಾಡೀಯೆ ಅದನ್ನ?"

"ಅಡುಗೆಯವನು ಬಡಿಸೋದನ್ನೆಲ್ಲ ತಾನೇ ತಿಂತಾನಾ ಸಾರ್?" ಎಂದೆ. ನಾಲಿಗೆ ನನಗೆ ಮೊದಲಿಂದಲೂ ವಸಿ ಉದ್ದ. ಅವರು ಜೋರಾಗಿ ನಕ್ಕು, ಸೋಮವಾರದಿಂದ ಬಾ ಎಂದರು.

ಕೆಲಸ ಹೇಗಿತ್ತು ಎಂದು ಹೇಳಬೇಕು. ಸ್ಕ್ರೀನ್ ರೀಡರ್ ಎಂದರೆ ಪರದೆಯ ಮೇಲೆ ಇರುವುದನ್ನು ಕಿವಿಗೆ ಓದಿ ಹೇಳುವ ಪ್ರೋಗ್ರಾಮು. ಇಯರ್ ಫೋನ್ ಹಾಕಿಕೊಂಡು ಕೀಬೋರ್ಡಿನ ಟ್ಯಾಬ್ ಒತ್ತುತ್ತಾ ಹೋದರೆ, ಒಂದೊಂದು ಹೆಜ್ಜೆಗೂ ಅದು "ಹೆಸರು, ಬರೆಯುವ ಜಾಗ", "ಉಳಿಸು, ಬಟನ್" ಎಂದು ಹೇಳುತ್ತಾ ಹೋಗುತ್ತದೆ. ನನ್ನದಕ್ಕೆ ನಾನು ಮೇಷ್ಟ್ರು ಎಂದು ಹೆಸರಿಟ್ಟಿದ್ದೆ. ಮೊದಮೊದಲು ಅವರಿಗೆ ಇಂಗ್ಲಿಷ್ ಬಿಟ್ಟು ಬೇರೆ ಬರುತ್ತಿರಲಿಲ್ಲ, ಅವರ ಆಗಿನ ಮಾತನ್ನು ಇಲ್ಲಿ ನಾನೇ ಕನ್ನಡ ಮಾಡಿ ಬರೆದಿದ್ದೇನೆ. ಸಾವಿನ ಸುದ್ದಿ, ಲಾಟರಿ ಬಂದ ಸುದ್ದಿ ಎರಡನ್ನೂ ಒಂದೇ ದನಿಯಲ್ಲಿ ಓದುವ ಮನುಷ್ಯ. ಬೆಳಗ್ಗೆ ಹನಕೆರೆಯಿಂದ ರೈಲು ಹತ್ತಿ ಮಂಡ್ಯಕ್ಕೆ ಬಂದು, ಮೆಟ್ಟಿಲು ಹತ್ತಿ, ಇಯರ್ ಫೋನ್ ಕಿವಿಗೆ ಹಾಕಿದರೆ ಸಂಜೆಯವರೆಗೂ ನನ್ನ ಜೊತೆ ಮಾತಾಡುತ್ತಿದ್ದವರು ಮೇಷ್ಟ್ರೊಬ್ಬರೇ.

ಕಾಣದ ಪರದೆಯ ಮೇಲೆ ಜೋಡಿಸುವುದಕ್ಕೆ ನನ್ನದೇ ಒಂದು ದಾರಿಯಿತ್ತು. ಪರದೆಯಷ್ಟೇ ಅಗಲದ ಒಂದು ರಟ್ಟು ಕತ್ತರಿಸಿಕೊಂಡಿದ್ದೆ. ಬರೆಯುವ ಜಾಗಕ್ಕೆ ಬೆಂಕಿಕಡ್ಡಿ, ಬಟನ್ನಿಗೆ ಹುಣಸೆಬೀಜ. ರಟ್ಟಿನ ಮೇಲೆ ಅವನ್ನು ಇಟ್ಟು, ಬೆರಳಾಡಿಸಿ, ಸಾಲು ಸೊಟ್ಟ ಇದೆಯಾ ನೋಡಿ, ಎಡದಿಂದ ಎಷ್ಟು ಮೇಲಿಂದ ಎಷ್ಟು ಎಂದು ಅಳೆದು ಆ ಸಂಖ್ಯೆಗಳನ್ನು ಪ್ರೋಗ್ರಾಮಿನಲ್ಲಿ ಬರೆಯುತ್ತಿದ್ದೆ. ಆಫೀಸಿಗೆ ಬಂದ ಗಿರಾಕಿಗಳು ಇವಳು ಶಕುನ ಹೇಳುವವಳೇನೋ ಎಂದುಕೊಂಡಿದ್ದೂ ಉಂಟು. ಒಬ್ಬರಂತೂ ಮಗಳ ಮದುವೆ ಯಾವಾಗ ಆಗುತ್ತದೆ ಎಂದೇ ಕೇಳಿಬಿಟ್ಟರು. ಆಷಾಢ ಕಳೆಯಲಿ ಎಂದೆ.

ರಟ್ಟು ಎಲ್ಲಕ್ಕೂ ಆಗುತ್ತಿರಲಿಲ್ಲ. ಬಣ್ಣ ಹೊಂದಿದೆಯಾ, ಅಕ್ಷರ ಪೆಟ್ಟಿಗೆಯಿಂದ ಆಚೆ ಬಂದಿದೆಯಾ ಎಂದು ಯಾರನ್ನಾದರೂ ಕೇಳಲೇಬೇಕು. ಪಕ್ಕದ ಮೇಜಿನಲ್ಲಿ ಮಂಜುಳ ಎಂಬ ಹುಡುಗಿ ಕೂರುತ್ತಿದ್ದಳು, ಮದ್ದೂರಿನವಳು, ಒಳ್ಳೆಯವಳು. ಏನು ಕೇಳಿದರೂ ಅವಳದು ಒಂದೇ ಉತ್ತರ, "ಚೆನ್ನಾಗಿದೆ ಕಣಕ್ಕ." ಒಮ್ಮೆ ಬೇಕೆಂದೇ ಎಲ್ಲಾ ಬಟನ್ನುಗಳನ್ನು ಒಂದರ ಮೇಲೊಂದು ರಾಶಿ ಹಾಕಿ ತೋರಿಸಿದೆ. "ಚೆನ್ನಾಗಿದೆ ಕಣಕ್ಕ" ಎಂದಳು. ನನಗೆ ಎಂಥಾ ಕೋಪ ಬಂತು ಎಂದರೆ, ಆ ದಿನ ಸಂಜೆಯವರೆಗೂ ಅವಳನ್ನು ಮಾತಾಡಿಸಲಿಲ್ಲ. ಕುರುಡಿ, ಪಾಪ, ನೊಂದುಕೊಳ್ಳುತ್ತಾಳೆ ಎಂದು ಸುಳ್ಳು ಹೇಳುವುದಕ್ಕಿಂತ ಬೈದರೆ ವಾಸಿ. ಬೈಯುತ್ತಿದ್ದವರು ಲೋಕೇಶಪ್ಪ ಒಬ್ಬರೇ. ಬೆನ್ನ ಹಿಂದೆ ಬಂದು ನಿಂತು, "ಏನಮ್ಮ ಇದು, ಸಂತೇಲಿ ಗಂಟು ಬಿಚ್ಚಾಕ್ದಂಗೆ ಆಕಿದ್ದೀಯಲ್ಲ? ಬಲಗಡೆದೆಲ್ಲ ವಸಿ ಕೆಳೀಕೆ ತಳ್ಳು" ಎನ್ನುತ್ತಿದ್ದರು. ಅವರ ಆ ಬೈಗುಳದಿಂದಲೇ ನಾನು ಕೆಲಸ ಕಲಿತದ್ದು.

ಮದ್ದೂರಿನ ಪ್ರಸಂಗ ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಅಲ್ಲಿನ ಒಬ್ಬ ಡಾಕ್ಟರ ಕ್ಲಿನಿಕ್ಕಿಗೆ ಚೀಟಿ ಬರೆಯುವ ಪ್ರೋಗ್ರಾಮು ಮಾಡಿದ್ದೆ. ಮಂಜುಳ ರಜೆಯಲ್ಲಿದ್ದಳು, ಲೋಕೇಶಪ್ಪ ಊರಲ್ಲಿರಲಿಲ್ಲ. ಮೇಷ್ಟ್ರ ಜೊತೆ ಕೂತು ನಾನೇ ಪರೀಕ್ಷೆ ಮಾಡಿದೆ. ಒಂದು ತಪ್ಪಿಲ್ಲ. ಮಾರನೇ ದಿನ ನಾನೇ ಮದ್ದೂರಿಗೆ ಹೋಗಿ, ಅಲ್ಲಿನ ಕಂಪ್ಯೂಟರಿಗೆ ಮೊದಲು ಮೇಷ್ಟ್ರನ್ನು, ಆಮೇಲೆ ಪ್ರೋಗ್ರಾಮನ್ನು ಹಾಕಿದೆ. ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಆಯಮ್ಮ ಪರದೆ ನೋಡಿ, "ಏನೂ ಬರ್ನಿಲ್ವಲ್ಲ ಕಣಕ್ಕ?" ಎಂದಳು.

"ಬಂದದೆ ನೋಡವ್ವ. ಎದುರಿಗೇ ಅದೆ."

"ಇಲ್ಲ ಕಣಕ್ಕ, ಬರೀ ನೀಲಿ ಅದೆ."

ಬಂದಿದೆಯಲ್ಲ! ಮೇಷ್ಟ್ರು ನನ್ನ ಕಿವಿಯಲ್ಲಿ "ರೋಗಿಯ ಹೆಸರು, ಬರೆಯುವ ಜಾಗ" ಎಂದು ಸ್ಪಷ್ಟವಾಗಿ ಹೇಳುತ್ತಿದ್ದಾರೆ. ನಾನು ಅವಳ ಹೆಸರನ್ನೇ ಬರೆದು, ವಯಸ್ಸು ಹಾಕಿ, ಪ್ರಿಂಟ್ ಕೊಟ್ಟೆ. ಮೂಲೆಯಲ್ಲಿದ್ದ ಪ್ರಿಂಟರ್ ಕಿರ್ ಎಂದು ಚೀಟಿ ಬಿಟ್ಟಿತು. ಕಾಯುತ್ತಾ ಕೂತಿದ್ದ ರೋಗಿಗಳು ಎದ್ದು ಬಂದು ಸುತ್ತ ನಿಂತರು. ಯಾರೋ ಒಬ್ಬ ಅಜ್ಜಿ, "ಅಯ್ಯೋ ನಮ್ಮಪ್ಪ, ಏನೂ ಇಲ್ದೇನೆ ಚೀಟಿ ಬತ್ತದಲ್ಲಪ್ಪ" ಎಂದದ್ದು ಕೇಳಿಸಿತು.

ಆಗಿದ್ದು ಇಷ್ಟು. ವಿಂಡೋ ಎಡಗಡೆಯಿಂದ ಎಷ್ಟು ದೂರದಲ್ಲಿ ತೆರೆಯಬೇಕು ಎಂಬ ಸಂಖ್ಯೆಗೆ ಒಂದು ಸೊನ್ನೆ ಹೆಚ್ಚಾಗಿತ್ತು. ಇಡೀ ವಿಂಡೋ ಪರದೆಯ ಬಲ ಅಂಚನ್ನು ದಾಟಿ, ಯಾರ ಕಣ್ಣಿಗೂ ಬೀಳದ ಕಡೆ ಹೋಗಿ ಕೂತಿತ್ತು. ಮೇಷ್ಟ್ರಿಗೆ ಅಂಚು ಗಿಂಚು ಇಲ್ಲ, ಎಲ್ಲಿದ್ದರೂ ಓದುತ್ತಾರೆ. ನಾನೊಬ್ಬಳೇ ಹೋಗಿ ಬರಬಹುದಾದ ಒಂದು ಕೋಣೆಯನ್ನು ಕಟ್ಟಿ, ಇದರಲ್ಲಿ ಕೆಲಸ ಮಾಡಿ ಎಂದು ಊರವರಿಗೆ ಕೊಟ್ಟಿದ್ದೆ. ಊರಿಂದ ವಾಪಸ್ ಬಂದ ಲೋಕೇಶಪ್ಪ ನನಗೆ ಮಂಗಳಾರತಿ ಮಾಡಿದರು. ಬೈದು ಮುಗಿಸಿ ಅವರೇ ನಗುವುದಕ್ಕೆ ಶುರು ಮಾಡಿದರು. ಅಂದು ಆಫೀಸೆಲ್ಲ ನಕ್ಕಿತು, ನಾನೂ ನಕ್ಕೆ. ರೈಲಿನಲ್ಲಿ ಮನೆಗೆ ಬರುವಾಗ ಮಾತ್ರ ಅಳು ಬಂತು. ಸೊನ್ನೆಯ ತಪ್ಪಿಗಲ್ಲ. ಅದು ಯಾರಿಂದಲಾದರೂ ಆಗುತ್ತದೆ. ಅವರಿಗೆ ಕಾಣುವುದು ನನಗೆ ಕಾಣದು, ನನಗೆ ಕೇಳುವುದು ಅವರಿಗೆ ಕೇಳದು, ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಕೂತು ಏನು ಬಂತು ಎನ್ನಿಸಿತು.

ಈಗ ಊಟದ ವಿಷಯ. ನಮ್ಮ ಆಫೀಸಿನಲ್ಲಿ ಊಟಕ್ಕೆ ಎಲ್ಲರೂ ಒಟ್ಟಿಗೆ ಹಿಂದಿನ ಕೋಣೆಗೆ ಹೋಗುತ್ತಿದ್ದರು. ಮೊದಲ ಕೆಲವು ದಿನ ನನ್ನನ್ನೂ ಕರೆದರು. ಆಮೇಲೆ ನಾನು ಕಿವಿಗೆ ಇಯರ್ ಫೋನ್ ಹಾಕಿಕೊಂಡು ತಲೆ ತಗ್ಗಿಸಿ ಕೂತಿರುವುದನ್ನು ಕಂಡು, ಕೆಲಸದಲ್ಲಿದ್ದಾರೆ, ತೊಂದರೆ ಕೊಡಬಾರದು ಎಂದುಕೊಂಡರು. ಕಣ್ಣಿದ್ದವರು ಊಟಕ್ಕೆ ಬಾಯಿಬಿಟ್ಟು ಕರೆಯುವುದಿಲ್ಲ. ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ, ಕತ್ತು ಆಡಿಸುತ್ತಾರೆ, ಎದ್ದು ಹೋಗುತ್ತಾರೆ. ನನಗೆ ಅದು ಹೇಗೆ ಗೊತ್ತಾಗಬೇಕು? ಒಂದು ಕೆಲಸ ಮುಗಿಸಿ ಇಯರ್ ಫೋನ್ ತೆಗೆದರೆ ಕೋಣೆ ಪೂರ್ತಿ ಖಾಲಿ. ಫ್ಯಾನ್ ಸದ್ದು, ಕೆಳಗಿನ ಬಸ್ಸಿನ ಹಾರ್ನು. ಹಿಂದಿನ ಕೋಣೆಯಿಂದ ಡಬ್ಬಿಗಳ ಮುಚ್ಚಳ ತೆಗೆಯುವ ಸದ್ದು, ನಗು. ಕರೆಯದೆ ಎದ್ದು ಹೋಗುವುದಕ್ಕೆ ನನಗೆ ಸ್ವಾಭಿಮಾನ. ಮೇಜಿನಲ್ಲೇ ಡಬ್ಬಿ ಬಿಚ್ಚಿದೆ. ಎರಡು ದಿನ ಹಾಗೆ ಮಾಡಿದ್ದೇ ತಡ, ಸಾವಿತ್ರಮ್ಮನಿಗೆ ಒಬ್ಬರೇ ಊಟ ಮಾಡುವುದು ಇಷ್ಟ ಎಂದಾಯಿತು. ಆಮೇಲೆ ನಿವೃತ್ತಿಯವರೆಗೂ ಅದು ಹಾಗೇ ನಡೆಯಿತು.

ನಮ್ಮ ಕಡೆ ದಾರಿಯಲ್ಲಿ ಎದುರು ಸಿಕ್ಕವರೂ ಊಟ ಆಯ್ತಾ ಎಂದು ಕೇಳುತ್ತಾರೆ. ಹೊತ್ತು ಗೊತ್ತು ನೋಡುವುದಿಲ್ಲ. ಆಯ್ತು, ನಿಮ್ದು ಎನ್ನುತ್ತಾರೆ, ಹೋಗುತ್ತಾರೆ. ಏನೂ ಇಲ್ಲದ ಮಾತು ಅದು. ಆ ಏನೂ ಇಲ್ಲದ ಮಾತಿಗಾಗಿ ನಾನು ಆ ಮೇಜಿನಲ್ಲಿ ಕೂತು ಎಷ್ಟು ಹಂಬಲಿಸಿದ್ದೇನೆ ಎಂದು ಹೇಳಿದರೆ ನಿಮಗೆ ನಗು ಬರಬಹುದು.

ಹೀಗಿರುವಾಗ ಒಂದು ಕೆಲಸ ಮಾಡಿದೆ. ಪ್ರೋಗ್ರಾಮಿನಲ್ಲಿ ಪ್ರತಿಯೊಂದು ಬಟನ್ನಿಗೂ ಕಣ್ಣಿಗೆ ಕಾಣುವ ಹೆಸರಿರುತ್ತದೆ. ಅದರ ಹಿಂದೆ ಕಾಣದ ಒಂದು ವಿವರಣೆಯನ್ನೂ ಬರೆಯಬಹುದು. ಆ ವಿವರಣೆ ಪರದೆಯ ಮೇಲೆ ಎಲ್ಲೂ ಬರುವುದಿಲ್ಲ. ಸ್ಕ್ರೀನ್ ರೀಡರ್ ಇಟ್ಟುಕೊಂಡವರು ಆ ಬಟನ್ನಿನ ಮೇಲೆ ಒಂದು ಗಳಿಗೆ ನಿಂತರೆ, ಅವರ ಕಿವಿಗೆ ಮಾತ್ರ ಬರುತ್ತದೆ. ನರ್ಸಿಂಗ್ ಹೋಮಿನ ಬಿಲ್ಲಿನ ವಿಂಡೋದಲ್ಲಿ ಕಟ್ಟಕಡೆಯ ಬಟನ್ "ಮುಗಿಸು". ಅದರ ವಿವರಣೆಯಲ್ಲಿ ಊಟ ಆಯ್ತಾ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಕೆಲಸ ಮುಗಿಸಿ ಅಲ್ಲಿಗೆ ಬಂದು ನಿಂತರೆ ಮೇಷ್ಟ್ರು ಬ್ರಿಟಿಷ್ ಕಲೆಕ್ಟರನ ಹಾಗೆ ನಾಲಿಗೆ ತಿರುಚಿ ಕೇಳುತ್ತಿದ್ದರು. "ಆಯ್ತು ಮೇಷ್ಟ್ರೇ" ಎಂದು ಮೆಲ್ಲಗೆ ಸುಳ್ಳು ಹೇಳಿ, ಆಮೇಲೆ ಡಬ್ಬಿ ಬಿಚ್ಚುತ್ತಿದ್ದೆ.

ಅದು ನನಗಾಗಿ ಇಟ್ಟದ್ದು. ಆಚೆ ಕಳಿಸುವ ಪ್ರತಿಯಲ್ಲಿ ಅಳಿಸಬೇಕು ಎಂದುಕೊಂಡಿದ್ದೆ. ಕೈ ಬರಲಿಲ್ಲ. ಅದು ಹಾಗೇ ಮಂಡ್ಯ, ಮದ್ದೂರು, ಮಳವಳ್ಳಿಯ ಗಿರಾಕಿಗಳ ಕಂಪ್ಯೂಟರುಗಳಿಗೆಲ್ಲ ಹೋಯಿತು. ಯಾರೂ ಏನೂ ಅನ್ನಲಿಲ್ಲ. ಅನ್ನಬೇಕಾದರೆ ಯಾರಾದರೂ ಕೇಳಿಸಿಕೊಂಡಿರಬೇಕಲ್ಲ. ಎಲ್ಲೋ ಒಬ್ಬರಾದರೂ ನನ್ನಂಥವರು ಆ ಬಟನ್ನಿನ ಮೇಲೆ ಬಂದು ನಿಲ್ಲಬಾರದಾ ಎಂಬ ಆಸೆ ಆವತ್ತಿನಿಂದ ನನಗೆ ಹಿಡಿಯಿತು. ಹೊರಗೆ ಹೇಳಿಕೊಳ್ಳುವಂಥದ್ದಲ್ಲ, ಆದರೆ ಬಿಡಲೇ ಇಲ್ಲ. ಗಿರಾಕಿಗಳ ಫೋನ್ ಬಂದರೆ, ಕಂಪ್ಯೂಟರಿನಲ್ಲಿ ಕೂರುವವರು ಯಾರು ಎಂದು ಸುಮ್ಮನೆ ಕೇಳುತ್ತಿದ್ದೆ. ಎಲ್ಲರೂ ಕಣ್ಣಿದ್ದವರೇ.

ಆಮೇಲೆ ಕಾಲ ಬದಲಾಯಿತು. ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ ಹಳೆಯ ಪ್ರೋಗ್ರಾಮಿಗೆ ಹೊಸ ರೂಪ ಕೊಡಬೇಕೆಂದು ಕಿರಣ್ ಎಂಬುವವರನ್ನು ಕರೆಸಿದರು. ಚುರುಕು ಮನುಷ್ಯ, ಮಾತು ಮೆದು. ತಿಂಗಳುಗಟ್ಟಲೆ ಕೂತು ಎಲ್ಲವನ್ನೂ ಬದಲಾಯಿಸಿದರು. ಒಂದು ಬೆಳಗ್ಗೆ ನಾನು ಬರೆದ ಅದೇ ಬಿಲ್ಲಿನ ಪ್ರೋಗ್ರಾಮಿನ ಹೊಸ ಪ್ರತಿಯನ್ನು ತೆರೆದು ಟ್ಯಾಬ್ ಒತ್ತಿದೆ. ಮೇಷ್ಟ್ರು "ಬಟನ್" ಎಂದರು. ಮತ್ತೆ ಒತ್ತಿದೆ. "ಬಟನ್." ಮತ್ತೆ. "ಬಟನ್." ಯಾವ ಬಟನ್? ಏನು ಮಾಡುವ ಬಟನ್? ಹೆಸರೇ ಇಲ್ಲ. ಕಿರಣ್ ಅಕ್ಷರಗಳನ್ನೆಲ್ಲ ತೆಗೆದು ಪುಟ್ಟ ಪುಟ್ಟ ಚಿತ್ರಗಳನ್ನು ಹಾಕಿದ್ದರು. ಕೊನೆಯವರೆಗೂ ಹೋದೆ. ಅಲ್ಲೂ "ಬಟನ್" ಎಂದಷ್ಟೇ ಹೇಳಿ ಮೇಷ್ಟ್ರು ಸುಮ್ಮನಾದರು. ನನ್ನ ಮನೆಯ ಬಾಗಿಲಲ್ಲೇ ನಿಂತು ಚಿಲಕಕ್ಕೆ ತಡಕಾಡಿದ ಹಾಗಾಯಿತು.

"ಅಕ್ಕ, ಮೌಸ್ ಮೇಲಿಟ್ರೆ ಏನು ಅಂತ ಬರುತ್ತೆ" ಎಂದರು ಕಿರಣ್.

"ಮೌಸ್ ಮೇಲಿಡೋಕೆ ಮೇಲು ಯಾವುದು ಅಂತ ಕಾಣಬೇಕಲ್ಲಪ್ಪ!" ಎಂದು ನಾನು ಕೂಗಿದ್ದು ಕೆಳಗಿನ ಅಂಗಡಿಗೂ ಕೇಳಿಸಿರಬೇಕು.

ಸೀದಾ ಲೋಕೇಶಪ್ಪನವರ ಕೋಣೆಗೆ ಹೋದೆ. ಎಲ್ಲಾ ಬಟನ್ನಿಗೂ ಹೆಸರು ಕೊಡಿಸಿ ಎಂದೆ. ಅವರಿಗೂ ಆಗ ವಯಸ್ಸಾಗಿತ್ತು, ದನಿ ಇಳಿದಿತ್ತು.

"ಸಾವಿತ್ರಮ್ಮ, ನೀನೇ ವಸಿ ಯೋಚ್ನೆ ಮಾಡು. ಇನ್ನು ನಾಕು ದಿನಕ್ಕೆ ನೀನು ಮನೇಗೆ ಓಯ್ತೀಯ. ನಿನ್ನ ಬುಟ್ರೆ ಇನ್ಯಾರಮ್ಮ ಕೇಳೋರು ಅದನ್ನ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ನಿಜವಾಗಿ ಕೇಳಿದರು. ಇಷ್ಟು ವರ್ಷದಲ್ಲಿ ಒಬ್ಬರೂ ಬಂದಿರಲಿಲ್ಲವಲ್ಲ. ಆದರೂ ಹಟ ಬಿಡದೆ, "ಯಾರೋ ಬತ್ತಾರೆ ಸಾರ್" ಎಂದೆ.

"ಯಾರು ಬತ್ತಾರೆ?"

"ಗೊತ್ತಿಲ್ಲ ಸಾರ್. ಬಂದಾಗ ಬಾಗ್ಲು ಆಕಿರಬಾರದು ಅಷ್ಟೇಯ."

"ಸರಿ ಬುಡು. ನಿನ್ನ ಕೆಲ್ಸ ಆದ್ಮೇಲೆ ಟೈಮ್ ಉಳುದ್ರೆ ಮಾಡ್ಕೊ. ಕಿರಣನ್ನ ಮಾತ್ರ ಎಳೀಬ್ಯಾಡ" ಎಂದರು.

ಮಾಡಿಕೊಂಡೆ. ಆದರೆ ಚಿತ್ರದಲ್ಲಿ ಏನಿದೆ ಎಂದು ಗೊತ್ತಾಗದೆ ಅದಕ್ಕೆ ಹೆಸರು ಕೊಡುವುದು ಹೇಗೆ? ಮಂಜುಳನನ್ನು ಕೇಳಬೇಕಾಯಿತು. ಅವಳಿಗೆ ಅಷ್ಟೊತ್ತಿಗೆ ಮದುವೆಯಾಗಿ ಮಕ್ಕಳಿದ್ದರು, ಮದ್ದೂರಿನ ರೈಲು ಹಿಡಿಯುವ ಅವಸರವಿರುತ್ತಿತ್ತು. ಆದರೂ ದಿನಾ ಸಂಜೆ ಸ್ವಲ್ಪ ಹೊತ್ತು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. "ಇದು ಕಸದ ಬುಟ್ಟಿ ಕಣಕ್ಕ. ಇದು ಪ್ರಿಂಟರು. ಇದೇನಪ್ಪ ಇದು, ಲೋಟ ಇದ್ದಂಗೆ ಅದೆ. ಓ, ಔಷಧಿ ಬಾಟ್ಲಿ." ಅವಳು ಹೇಳುವುದು, ನಾನು ಬರೆಯುವುದು. ಅಳಿಸು. ಮುದ್ರಿಸು. ಔಷಧಿ ಸೇರಿಸು. ಅಷ್ಟೊತ್ತಿಗೆ ಮೇಷ್ಟ್ರಿಗೂ ಕನ್ನಡ ಬಂದಿತ್ತು, ಕನ್ನಡದ ಅಕ್ಷರದಲ್ಲೇ ಬರೆದೆ.

ಹಾಗೆ ಕೂತಿದ್ದಾಗ ಒಂದು ಸಂಜೆ ಅವಳೇ ಕೇಳಿದಳು.

"ಅಕ್ಕ, ನೀವ್ಯಾಕೆ ನಮ್ಮ ಜೊತೆ ಊಟಕ್ಕೆ ಬರ್ತಿರಲಿಲ್ಲ?"

"ನೀವ್ಯಾಕೆ ಕರೀತಿರಲಿಲ್ಲ?"

ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. "ಕಿವಿಗೆ ಹಾಕ್ಕೊಂಡಿರ್ತೀರಿ, ಕೂಗಿದ್ರೆ ಕೇಳಲ್ಲ. ಭುಜ ಮುಟ್ಟಿ ಕರೆಯೋಣ ಅಂತ ಎಷ್ಟೋ ಸಲ ಹಿಂದೆ ಬಂದು ನಿಂತಿದ್ದೀನಿ ಅಕ್ಕ. ಬೆಚ್ಚಿ ಬಿದ್ದುಬಿಡ್ತೀರೇನೋ ಅಂತ ಹಂಗೇ ಹೋಗ್ಬಿಡ್ತಿದ್ದೆ."

ಹಿಂದೆ ಬಂದು ನಿಂತಿದ್ದಳಂತೆ! ನನಗೆ ಗೊತ್ತೇ ಇಲ್ಲ. ಮೇಷ್ಟ್ರು ಓದುತ್ತಿದ್ದರು, ಅವಳು ನಿಂತಿದ್ದಳು, ಹೋದಳು. ಇದನ್ನು ಓದುವ ಮಕ್ಕಳೇ, ನಿಮ್ಮ ಕೆಲಸದ ಮೊದಲ ದಿನವೇ ಪಕ್ಕದವರಿಗೆ ಹೇಳಿಬಿಡಿ, ಮೇಜು ಕುಟ್ಟಿ ಕರೆಯಿರಿ, ಭುಜ ಮುಟ್ಟಿ ಕರೆಯಿರಿ, ಬೆಚ್ಚಿದರೆ ಬೆಚ್ಚುತ್ತೇನೆ ಎಂದು. ನಾಚಿಕೆ ಪಟ್ಟುಕೊಂಡು ಕೂರಬೇಡಿ. ನಾನು ಕೂತು ಕೆಟ್ಟೆ. ಇಯರ್ ಫೋನನ್ನು ಒಂದೇ ಕಿವಿಗೆ ಹಾಕಿಕೊಳ್ಳುವುದಕ್ಕೂ ಕಲಿಯಿರಿ. ಇನ್ನೊಂದು ಕಿವಿ ಕೋಣೆಯ ಕಡೆ ಇರಲಿ.

ಅವಳು ಹೋದಮೇಲೆ ಕೊನೆಯ ಬಟನ್ನಿಗೆ ಬಂದೆ. ಹೆಸರು "ಮುಗಿಸು" ಎಂದು ಬರೆದೆ. ವಿವರಣೆಯಲ್ಲಿ, ಈ ಸಲ ಚೆಂದವಾಗಿ ಕನ್ನಡದಲ್ಲೇ, "ಊಟ ಆಯ್ತಾ?" ಎಂದು ಬರೆದೆ. ಒಂದು ಸಲ ಅಲ್ಲಿ ನಿಂತು ಕೇಳಿಸಿಕೊಂಡೆ. ಕಂಪ್ಯೂಟರ್ ಆರಿಸಿ ಎದ್ದೆ.

ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೊಟ್ಟರು. ಕುರುಡಿಗೆ ಗಡಿಯಾರ! ಕೊಟ್ಟಮೇಲೆ ಅವರಿಗೇ ಹೊಳೆದು ಚಪ್ಪಾಳೆ ಅರ್ಧಕ್ಕೇ ನಿಂತಿತು. "ಪರವಾಗಿಲ್ಲ ಬುಡಿ, ಟಿಕ್ ಟಿಕ್ ಅನ್ತದೆ, ಮನೇಲಿ ಒಂದು ಜೀವ ಇದ್ದಂಗಿರ್ತದೆ" ಎಂದೆ. ತಮಾಷೆಗೆ ಹೇಳಿದ್ದು. ಆಮೇಲೆ ಅದೇ ನಿಜವಾಯಿತು.

ಹನಕೆರೆಯಲ್ಲಿ ನನ್ನದು ಎರಡು ಕೋಣೆಯ ಮನೆ. ತಮ್ಮನ ಸಂಸಾರ ದುದ್ದದ ಕಡೆ. ಹಬ್ಬಕ್ಕೆ ಬರುತ್ತಾರೆ. ಬೆಳಗಿನ ರೈಲು ಸ್ಟೇಷನ್ನಿಗೆ ಬಂದು ನಿಂತು ಹೊರಡುವ ಸದ್ದು ಮನೆಗೆ ಕೇಳುತ್ತದೆ. ಮೊದಮೊದಲು ಆ ಸದ್ದಿಗೆ ಎದ್ದು ಚಪ್ಪಲಿ ಹುಡುಕಿದ್ದೂ ಉಂಟು. ಇಯರ್ ಫೋನ್ ಇಲ್ಲದೆಯೂ ಮನೆಯಲ್ಲಿ ಮಾತಿಲ್ಲ. ಒಬ್ಬಳಿಗೆ ಅಂತ ಎಸರಿಟ್ಟು, ಹಿಟ್ಟು ಹಾಕಿ, ಕೋಲು ಹಿಡಿದು ತಿರುವಿ ಮುದ್ದೆ ಕಟ್ಟುವುದು ಬೇಜಾರಾಗಿ ಮುದ್ದೆ ಬಿಟ್ಟೆ. ರಾಗಿಹಿಟ್ಟಿನ ಡಬ್ಬಿ ಮೇಲಿನ ಹಲಗೆಗೆ ಹೋಯಿತು. ಅವಲಕ್ಕಿ ನೆನೆಹಾಕಿ ತಿಂದರೆ ಊಟ ಆಯಿತು ಎಂದೇ ಲೆಕ್ಕ. ಮಂಡ್ಯದವಳು ಮುದ್ದೆ ಬಿಟ್ಟಳು ಎಂದರೆ ಅವಳ ಸ್ಥಿತಿ ಏನು ಎಂದು ನೀವೇ ತಿಳಿದುಕೊಳ್ಳಿ. ಲೋಕೇಶಪ್ಪ ಕೇಳಿದ ಪ್ರಶ್ನೆ ಆಗಾಗ ನೆನಪಾಗುತ್ತಿತ್ತು. ನನ್ನ ಬಿಟ್ಟರೆ ಯಾರು? ಯಾರೂ ಇಲ್ಲ, ಅವರು ಹೇಳಿದ್ದೇ ಸರಿ ಎಂದು ಒಪ್ಪಿಕೊಳ್ಳುವುದಕ್ಕೂ ಶುರು ಮಾಡಿದ್ದೆ.

ಮೊನ್ನೆ, ಹೊಲದ ಕಡೆಯಿಂದ ಅವರೆ ಸೊಗಡು ಬರುತ್ತಿದ್ದ ಒಂದು ಮಧ್ಯಾಹ್ನ, ಫೋನ್ ಬಂತು. ಗೊತ್ತಿಲ್ಲದ ಹೆಣ್ಣು ದನಿ.

"ಸಾವಿತ್ರಕ್ಕನವರಾ?"

"ಹೂಂ ಕಣವ್ವ. ಯಾರು?"

"ನಾನು ಭಾಗ್ಯ ಅಂತ ಅಕ್ಕ. ಮಳವಳ್ಳಿಯಿಂದ. ಇಲ್ಲೊಂದು ನರ್ಸಿಂಗ್ ಹೋಮಲ್ಲಿ ಕೆಲ್ಸ ಮಾಡ್ತೀನಿ. ನಿಮ್ಮ ಆಪೀಸಿಗೆ ಫೋನ್ ಮಾಡಿದ್ದೆ, ಮಂಜುಳ ಅನ್ನೋರು ನಂಬರ್ ಕೊಟ್ರು."

ಬಿಲ್ಲಿನಲ್ಲಿ ಏನೋ ತೊಂದರೆಯಾಗಿದೆ ಎಂದುಕೊಂಡೆ. "ನಾನು ರಿಟೈರ್ ಆದೆ ಕಣವ್ವ. ಕಿರಣ್ ಅಂತ ಅವ್ರೆ, ಅವರನ್ನ ಕೇಳು" ಎಂದೆ.

"ತೊಂದ್ರೆ ಏನಿಲ್ಲ ಅಕ್ಕ. ನಂಗೂ ಕಣ್ಣಿಲ್ಲ."

ನಾನು ಕುರ್ಚಿ ಹುಡುಕಿ ಕೂತೆ.

ಅವಳು ಹೇಳುತ್ತಾ ಹೋದಳು. ಅದೇ ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದವಳು. ಶುಗರ್ ಜಾಸ್ತಿಯಾಗಿ ದೃಷ್ಟಿ ಹೋಯಿತು. ಮನೆಯಲ್ಲಿ ಇನ್ನು ಮೂಲೆ ಹಿಡಿದು ಕೂರು ಎಂದರು. ಅವಳು ಹಟ ಹಿಡಿದು ಸ್ಕ್ರೀನ್ ರೀಡರ್ ಕಲಿತು, ಡಾಕ್ಟರ ಹತ್ತಿರ ಹೋಗಿ, ಬಿಲ್ ಬರೆಯುವ ಜಾಗ ಕೊಡಿ ಎಂದು ಕೇಳಿದಳು. ಮಾಡಿ ತೋರಿಸು, ಮಾಡೋಕಾದ್ರೆ ಇರು ಎಂದರಂತೆ.

"ಬೇರೆ ಎಲ್ಡು ಪ್ರೋಗ್ರಾಮ್ ಅವೆ ಅಕ್ಕ ಇಲ್ಲಿ, ಲ್ಯಾಬಿಂದು, ಔಸ್ದಿದು. ತಗುದ್ರೆ ಬರೀ ಬಟನ್ ಬಟನ್ ಬಟನ್. ಮುಗೀತು ಬುಡು ನನ್ನ ಕತೆ ಅನ್ಕೊಂಡೆ. ಆಮೇಲೆ ನಿಮ್ಮ ಬಿಲ್ಲಿಂದು ತಗುದೆ. ಒಂದೊಂದಕ್ಕೂ ಹೆಸ್ರು ಅದೆ! ಎಲ್ಲಾ ಗೊತ್ತಾಯ್ತು. ಡಾಕ್ಟ್ರು ಪಕ್ಕದಲ್ಲೇ ನಿಂತಿದ್ರು, ಬಿಲ್ ತಗುದು ಕೈಗೆ ಕೊಟ್ಟೆ. ಕೆಲ್ಸ ಉಳೀತು ಕಣಕ್ಕ."

ಅವಳು ಫೋನನ್ನು ಕಂಪ್ಯೂಟರಿನ ಹತ್ತಿರ ಹಿಡಿದಳು. ಟ್ಯಾಬ್ ಒತ್ತುವ ಸದ್ದು. ಆಮೇಲೆ ಮೇಷ್ಟ್ರು! ಅದೇ ದನಿ, ಅಳು ನಗು ಗೊತ್ತಿಲ್ಲದ ದನಿ. "ಔಷಧಿ ಸೇರಿಸು, ಬಟನ್. ಅಳಿಸು, ಬಟನ್. ಮುದ್ರಿಸು, ಬಟನ್." ಮುಂದೇನು ಬರುತ್ತದೆ ಎಂದು ನನಗೆ ಗೊತ್ತಿತ್ತು. ಫೋನನ್ನು ಕಿವಿಗೆ ಒತ್ತಿ ಹಿಡಿದೆ. "ಮುಗಿಸು, ಬಟನ್." ಅಲ್ಲಿ ಅವಳು ನಿಂತಳು.

"ಊಟ ಆಯ್ತಾ?" ಎಂದರು ಮೇಷ್ಟ್ರು, ಮಳವಳ್ಳಿಯಲ್ಲಿ.

ಭಾಗ್ಯ ನಗುತ್ತಾ ಫೋನನ್ನು ಮತ್ತೆ ಕಿವಿಗೆ ತೆಗೆದುಕೊಂಡಳು. "ಮೊದಲ್ನೇ ದಿನ ಯಾರೋ ಪಕ್ಕದಲ್ಲಿ ಬಂದು ಕೇಳುದ್ರು ಅಂತ ತಿರುಗಿ ನೋಡ್ಬುಟ್ಟೆ ಅಕ್ಕ. ಇಲ್ಲಿ ಯಾರೂ ನನ್ನ ಕೇಳೋದಿಲ್ಲ, ಎಲ್ಲಾ ಅವರವರ ಪಾಡಿಗೆ ಓಯ್ತಾರೆ. ಇದನ್ನ ಇಟ್ಟೋರು ಯಾರು ಅಂತ ಮಂಜುಳಮ್ಮನ್ನ ಕೇಳ್ದೆ. ಅವ್ರಿಗೂ ಗೊತ್ತಿರ್ನಿಲ್ವಂತೆ, ಏನು ಕೇಳ್ತು ಅಂತ ಎಲ್ಡು ಸಲ ಕೇಳುದ್ರು. ಆಮೇಲೆ, ನಮ್ಮ ಸಾವಿತ್ರಕ್ಕ ಬುಟ್ರೆ ಇನ್ಯಾರೂ ಅಲ್ಲ ಅಂದ್ರು. ನೀವು ದಿನಾ ಕೇಳ್ತೀರಿ, ನಾನು ಸುಮ್ಕೆ ಇದ್ರೆ ಚೆನ್ನಾಗಿರಾಕಿಲ್ಲ ಅಂತ ಫೋನ್ ಮಾಡ್ದೆ. ಆಯ್ತು ಕಣಕ್ಕ. ಈಗ್ತಾನೆ ಆಯ್ತು. ನಿಮ್ದು?"

ನಿಮ್ದು ಎಂದು ಕೇಳಿದಳು. ಇಷ್ಟು ವರ್ಷ ಮೇಷ್ಟ್ರ ಬಾಯಲ್ಲಿ ನಾನೇ ಕೇಳಿ, ನಾನೇ ಉತ್ತರ ಹೇಳಿಕೊಂಡಿದ್ದ ಮಾತು. ಮೇಷ್ಟ್ರು ಒಂದು ದಿನವೂ ಆ ಎರಡನೇ ಮಾತು ಆಡಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಅವಳು ಆ ಕಡೆ, "ಅಕ್ಕ? ಅಕ್ಕ, ಇದ್ದೀರಾ ಲೈನಲ್ಲಿ?" ಎನ್ನುತ್ತಿದ್ದಳು.

"ಇವ್ನಿ ಕಣವ್ವ" ಎಂದೆ. "ಇನ್ನೂ ಆಗಿಲ್ಲ. ಈಗ ಮಾಡ್ಕೋಬೇಕು."

"ಒತ್ತಾಯ್ತು ಅಕ್ಕ, ಮೊದ್ಲು ಉಣ್ಣೋಗಿ. ನಾಳೆ ಮಾಡ್ತೀನಿ" ಎಂದು ಇಟ್ಟಳು.

ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ನಾನು ಅಡುಗೆಮನೆಗೆ ಹೋಗಿ, ಮೇಲಿನ ಹಲಗೆ ತಡಕಿ, ರಾಗಿಹಿಟ್ಟಿನ ಡಬ್ಬಿ ಇಳಿಸಿದೆ. ಹಿಟ್ಟು ಮೂಸಿ ನೋಡಿದೆ, ಮುಗ್ಗಲು ವಾಸನೆ. ಅದನ್ನು ಪಕ್ಕದ ಮನೆಯ ಹಸುವಿಗೆ ಹಾಕಿ, ಅವರ ಹತ್ತಿರವೇ ಒಂದು ಪಾವು ಹೊಸ ಹಿಟ್ಟು ಈಸಿಕೊಂಡು ಬಂದು ಎಸರಿಟ್ಟೆ.